ಕೆಂಪು ಚೌಕದಲ್ಲಿ ಬೀಗರು

ಹೋದ ವಾರ ಹುಮನಾಬಾದಿನ ಹಳೇ ಫೋಟೋ ಸ್ಟುಡಿಯೋ ಖಾಲಿ ಮಾಡಿದರು. ಸಾಮಾನು ಒಯ್ಯಲು ನನ್ನ ಗುಜರಿ ಗಾಡಿಯನ್ನೇ ಕರೆದರು. ಮನೆಗೆ ಬಂದು ಚೀಲ ಸುರುವಿದರೆ ಮುರಿದ ಸ್ಟ್ಯಾಂಡು, ಹರಿದ ಪರದೆಗಳ ನಡುವೆ ಒಂದು ಕರಿ ಹಿಡಿಕೆ ಬಿತ್ತು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹಿಡಿಕೆ. ಮೂಗಿನ ಹತ್ತಿರ ಹಿಡಿದೆ. ಕೊಬ್ಬರಿ ಎಣ್ಣೆ, ಮುಖದ ಪೌಡರು... ಗಿರಾಕಿಗಳ ತಲೆ ಬಾಚಿ, ಮುಖಕ್ಕೆ ಪೌಡರ್ ಬಡಿದು, ಅದೇ ಕೈಯಲ್ಲಿ ಸ್ಟುಡಿಯೋ ಕಾಕಾ ವಿಮಾನ ಹಾರಿಸುತ್ತಿದ್ದ.

ಕಾಕಾ ನನಗೆ ಸಂಬಂಧಿಕನಲ್ಲ. ಅವನ ಸ್ಟುಡಿಯೋ ಮುಂದೆ ಬೇವಿನ ಮರ ಇತ್ತು, ನೆರಳಿಗೆ ನಾನು ಗಾಡಿ ನಿಲ್ಲಿಸುತ್ತಿದ್ದೆ. ಹಂಗೇ ಪರಿಚಯ. ಎಲ್ಲರ ಕೈಗೂ ಫೋನು ಬಂದ ಮೇಲೆ ಅವನಿಗೆ ಪಾಸ್‌ಪೋರ್ಟ್ ಸೈಜಿನ ಗಿರಾಕಿಗಳಷ್ಟೇ ಉಳಿದಿದ್ದರು. ಉಳಿದ ಹೊತ್ತೆಲ್ಲ ವಿಮಾನ. ನಿಜವಾದ ವಿಮಾನ ಅವನು ಹತ್ತಿದವನೇ ಅಲ್ಲ. ಆದರೆ ಹಾರಿಸುವಾಗ ಗಿರಾಕಿ ಬಂದರೆ, ಲ್ಯಾಂಡ್ ಆಗೋತನಕ ಕೂಡ್ರಿ ಅನ್ನುತ್ತಿದ್ದ. ಬಂದವರು ಮುಖಕ್ಕೆ ಪೌಡರ್ ಹಚ್ಚಿಕೊಂಡು ಬೆಂಚಿನ ಮೇಲೆ ಭೂತದ ಹಾಗೆ ಕೂತಿರುತ್ತಿದ್ದರು.

ಅವನ ಜೀವ ಇದ್ದದ್ದು ಪರದೆಯ ಮೂಲೆಯಲ್ಲಿದ್ದ ಗಡಿಯಾರದಂಥ ಒಂದು ಡಬ್ಬಿಯಲ್ಲಿ. ಎದುರಿಗೆ ಬೇರೆ ವಿಮಾನ ಬಂದರೆ ತೋರಿಸುವ ಡಬ್ಬಿ. ದೂರ ಇದ್ದರೆ ಶಂಕರಪಾಳಿ ಆಕಾರದ ಬಿಳಿ ಗುರುತು. ಹತ್ತಿರ ಬಂದರೆ ಹಳದಿ ಗುಂಡು, ಜೊತೆಗೆ ‘ಟ್ರಾಫಿಕ್, ಟ್ರಾಫಿಕ್’ ಅಂತ ಒಬ್ಬ ಇಂಗ್ಲಿಷಿನವ ಒದರುತ್ತಿದ್ದ. ಇನ್ನೂ ಹತ್ತಿರ ಬಂದರೆ ಕೆಂಪು ಚೌಕ. ಆಗ ಡಬ್ಬಿ ಹುಕುಂ ಕೊಡುತ್ತದೆ. ಕ್ಲೈಂಬ್ ಅಂದರೆ ಏರು, ಡಿಸೆಂಡ್ ಅಂದರೆ ಇಳಿ. ಎದುರಿನ ವಿಮಾನದಲ್ಲೂ ಇಂಥದೇ ಡಬ್ಬಿ ಇರುತ್ತದೆ. ಎರಡೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬನಿಗೆ ಏರು, ಇನ್ನೊಬ್ಬನಿಗೆ ಇಳಿ ಅನ್ನುತ್ತವೆ. ಕೆಳಗೆ ಟವರಿನಲ್ಲಿ ಕೂತ ಸಾಹೇಬ ಬೇರೆ ಹೇಳಿದರೂ ಕೇಳುವಂತಿಲ್ಲ.

“ಡಬ್ಬಿ ಹೇಳಿದ್ದ ಮಾಡಬೇಕು ತಮ್ಮಾ. ಅಲ್ಲಿ ಇಜ್ಜತ್ ಗಿಜ್ಜತ್ ನಡಿಯಂಗಿಲ್ಲ,” ಅನ್ನುತ್ತಿದ್ದ ಕಾಕಾ.

ನಮ್ಮ ಗಲ್ಲಿಗಳಿಗೂ ಇಂಥದೊಂದು ಬೇಕು ಅಂತ ನಾನು ಅಂದೆ. ಇಲ್ಲಿ ಎರಡು ಗಾಡಿ ಎದುರುಬದುರು ನಿಂತರೆ ಯಾರೂ ಹಿಂದೆ ಸರಿಯುವುದಿಲ್ಲ. ಇಬ್ಬರೂ ಇಂಜಿನ್ ಬಂದ್ ಮಾಡಿ ಚಾ ಕುಡಿಯಲು ಹೋಗುತ್ತಾರೆ.

ಕಾಕಾನಿಗೆ ಒಬ್ಬಳೇ ಮಗಳು. ಬಸವಕಲ್ಯಾಣಕ್ಕೆ ಕೊಟ್ಟಿದ್ದ. ಬೀಗರದು ಅಲ್ಲಿ ಪೈಪು, ಮೋಟಾರಿನ ಅಂಗಡಿ. ಪಕ್ಕದ ಖೋಲಿಯಲ್ಲಿ ಅಳಿಯ ಎರಡು ಕಂಪ್ಯೂಟರ್ ಇಟ್ಟುಕೊಂಡು ಆನ್‌ಲೈನ್ ಅರ್ಜಿ ತುಂಬುತ್ತಿದ್ದ. ಎಲ್ಲ ಚಲೋ ಇತ್ತು, ಕೆಡಿಸಿದ್ದು ಕಾಕಾನ ಕ್ಯಾಮೆರಾ. ಮಗಳ ಮದುವೆಗೆ ಬೇರೆ ಫೋಟೋದವನನ್ನು ಕರೆಯಲು ಅವನ ಮನಸ್ಸು ಒಪ್ಪಲಿಲ್ಲ. ಹೆಣ್ಣಿನ ಅಪ್ಪನೇ ಕ್ಯಾಮೆರಾ ಹಿಡಿದು ನಿಂತ. ಬೀಗರು ತಲೆಗೆ ಪಟಗಾ ಸುತ್ತಿಕೊಂಡು, ಎದೆ ಉಬ್ಬಿಸಿಕೊಂಡು ವೇದಿಕೆಯ ಮೇಲೆ ನಿಂತಿದ್ದರು. ಕಾಕಾ ದಿನಾ ಗಿರಾಕಿಗಳಿಗೆ ಹೇಳುವ ಹಾಗೆ, ತಲಿ ಕೆಳಗ ಮಾಡ್ರಿ, ಇನ್ನೂ ಕೆಳಗ, ಅಂದುಬಿಟ್ಟ. ಹಿಂದೆ ಯಾರೋ ನಕ್ಕರು. ಹೆಣ್ಣು ಕೊಟ್ಟವನು ತುಂಬಿದ ಮಂಟಪದಲ್ಲಿ ಗಂಡಿನ ಅಪ್ಪನಿಗೆ ತಲೆ ತಗ್ಗಿಸು ಅಂದ ಅಂತ ಬೀಗರು ಊಟ ಬಿಟ್ಟು ಎದ್ದರು. ಅಲ್ಲಿಗೆ ಮಾತು ಬಂದ್.

ನಮ್ಮ ಕಡೆ ಮದುವೆಯಾದ ಮೊದಲ ನಾಗರಪಂಚಮಿಗೆ ಹುಡುಗಿ ತವರಿಗೆ ಬರಲೇಬೇಕು. ಕಾಕಾನ ಹೆಂಡತಿ, ನಾವು ಕಾಕು ಅನ್ನುತ್ತಿದ್ದೆವು, ಉಂಡಿ ಕಟ್ಟಲು ಶೇಂಗಾ ಹುರಿಯುತ್ತ ಕೂತಿದ್ದಳು. ಅಷ್ಟರಲ್ಲಿ ಬಸವಕಲ್ಯಾಣದಿಂದ ಸುದ್ದಿ ಬಂತು, ಸೊಸೆಯನ್ನು ಕಳಿಸುವುದಿಲ್ಲ. ಮಗಳು ಫೋನಿನಲ್ಲಿ ಅತ್ತಳು. ಕಾಕು ಇಲ್ಲಿ ಅತ್ತಳು. ಕಾಕಾ ವಿಮಾನ ಹಾರಿಸುವುದನ್ನೂ ಬಿಟ್ಟ.

ದಾರಿ ಹುಡುಕಿದವನು ಅಳಿಯ. ಬೀಗರಿಗೆ ಮೊಣಕಾಲಿನ ಆಪರೇಷನ್ ಆಗಿ ಮನೆಯಲ್ಲೇ ಕೂತಿದ್ದರು. ಹೊತ್ತು ಹೋಗಲಿ ಅಂತ ಇವನು ಅದೇ ವಿಮಾನದ ಆಟ ಕಲಿಸಿದ್ದ. ಅವರಿಗೂ ಹುಚ್ಚು ಹಿಡಿದಿತ್ತು. ಈಗ ಇಬ್ಬರನ್ನೂ ಇಂಟರ್ನೆಟ್ ಮೇಲೆ ಕೂಡಿಸುತ್ತೇನೆ ಅಂದ. ಬೀಗರು ಪುಣೆಯಿಂದ ಬರಬೇಕು, ಕಾಕಾ ಹೈದರಾಬಾದಿನಿಂದ. ಹುಮನಾಬಾದಿನ ಮೇಲೆ ಎದುರುಬದುರಾಗಿ, ಡಬ್ಬಿ ಹೇಳಿದಂತೆ ಒಬ್ಬರು ಏರಿ ಒಬ್ಬರು ಇಳಿದು ಪಾರಾಗಬೇಕು. ಅಪ್ಪ ಖುಷಿಯಾದರೆ ಅದೇ ಹೊತ್ತಿಗೆ ಪಂಚಮಿ ಮಾತು ತೆಗೆಯುತ್ತೇನೆ ಅಂತ ಮಾವನಿಗೆ ಮಾತು ಕೊಟ್ಟ.

ಮಧ್ಯಾಹ್ನ ಸ್ಟುಡಿಯೋದಲ್ಲಿ ಕಾಕಾ, ಕಾಕು, ನಾನು. ಫೋನು ಸ್ಪೀಕರಿನ ಮೇಲೆ. ಬೀಗರು ನೇರ ಮಾತಾಡಲಿಲ್ಲ. ನಾ ಸೋಲಾಪುರ ದಾಟೀನಿ ಅಂತ ಅವರಿಗೆ ಹೇಳು, ಅಂತ ಮಗನಿಗೆ ಹೇಳುತ್ತಿದ್ದರು. ಕಾಕಾ ಮಾತ್ರ ಬರ್ರಿ ಬರ್ರಿ, ದಾರಿ ಖಾಲಿ ಅದರಿ ಅಂತ ಬಾಗಿಲಲ್ಲಿ ನಿಂತು ಕರೆದ ಹಾಗೆ ಕರೆಯುತ್ತಿದ್ದ. ಬಿಳಿ ಶಂಕರಪಾಳಿ ಪರದೆಯ ಮೇಲೆ ಬಂತು. ಕಾಕಾ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಕಾಕು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬೀಗರು ಬಂದರಲ್ಲ...

ಹಳದಿ ಗುಂಡು ಆಯಿತು. ಕೆಂಪು ಚೌಕ ಆಯಿತು. ಡಬ್ಬಿ ‘ಕ್ಲೈಂಬ್, ಕ್ಲೈಂಬ್’ ಅಂತು. ಕಾಕಾ ಅಲ್ಲಾಡಲಿಲ್ಲ.

“ಏರ್ರಿ ಕಾಕಾ,” ಅಂದೆ.

“ನನಗ ಏರು ಅಂದ್ರ ಅವರಿಗೆ ಇಳಿ ಅಂದಿರ್ತದಲೋ.”

“ಅನ್ನಲಿ ಬಿಡ್ರಿ. ಮಷಿನ್ ಅದು.”

“ತಲಿ ಕೆಳಗ ಮಾಡ್ರಿ ಅಂದಿದ್ದಕ್ಕ ಇಷ್ಟ್ ಆಗ್ಯದ. ಈಗ ಅವರ ತಲಿ ಮ್ಯಾಲಿಂದ ಹಾದು ಹೋಗ್ಲಾ?”

ಅಂದವನೇ ಹಿಡಿಕೆಯನ್ನು ಮುಂದಕ್ಕೆ ಒತ್ತಿದ. ವಿಮಾನ ಮೂಗು ಕೆಳಗೆ ಮಾಡಿ ಇಳಿಯತೊಡಗಿತು. ಮೀಟರಿನ ಮುಳ್ಳು ಹಸಿರು ಪಟ್ಟಿ ಬಿಟ್ಟು ಕೆಂಪು ಪಟ್ಟಿಗೆ ಹೋಯಿತು. ಇಂಗ್ಲಿಷಿನವ ಗಂಟಲು ಹರಿದುಕೊಂಡ. ಕಾಕಾನ ಲೆಕ್ಕ ಏನೆಂದರೆ, ಬೀಗರು ಯಾರ ಮಾತೂ ಕೇಳುವವರಲ್ಲ, ಡಬ್ಬಿ ಇಳಿ ಅಂದರೆ ಖಂಡಿತ ಏರುತ್ತಾರೆ. ನನಗೂ ಅದು ಸರಿ ಅನ್ನಿಸಿತು. ಆದರೆ ಬೀಗರು ಅವತ್ತೊಂದು ದಿನ ಹೇಳಿದ ಮಾತು ಕೇಳಿದ್ದರು. ಇಳಿದಿದ್ದರು. ಎರಡೂ ವಿಮಾನ ನಮ್ಮ ಬಸ್‌ಸ್ಟ್ಯಾಂಡಿನ ಮೇಲೆ ಢಿಕ್ಕಿ ಹೊಡೆದವು.

ಪರದೆ ಕಪ್ಪಾಯಿತು.

“ಹೋತು. ಬೀಗರ್ನ ಕೊಂದು ಕುಂತ್ರಿ,” ಅಂದಳು ಕಾಕು. ಸ್ಟುಡಿಯೋ ಹಿಂದೆಯೇ ಅವರ ಮನೆ, ಒಳಗೆ ಹೋಗಿ ಶೇಂಗಾದ ಬುಟ್ಟಿಯನ್ನು ಮೂಲೆಗೆ ದೂಡಿದ್ದು ಕೇಳಿಸಿತು. ಕಾಕಾ ಹಿಡಿಕೆ ಹಿಡಿದುಕೊಂಡೇ ಇದ್ದ. ಮಗಳ ಪಂಚಮಿ ತಾನೇ ಮುಗಿಸಿದೆ ಅಂತ ಅವನ ಮುಖದಲ್ಲಿ ಬರೆದಿತ್ತು.

ಆಗ ಬೀಗರ ದನಿ ಬಂತು. ಮಗನಿಗಲ್ಲ, ನೇರ ಕಾಕಾನಿಗೆ.

“ಬೀಗ್ರ, ನಿಮ್ಮ ಡಬ್ಬಿ ಏನಂತು?”

“ಏರು ಅಂತರಿ.”

“ಮತ್ಯಾಕ ಇಳದ್ರಿ?”

“ನಿಮ್ಮ ಮ್ಯಾಲಿಂದ ಹ್ಯಾಂಗ ಹೋಗ್ಲಿರಿ... ಬ್ಯಾಡ ಅನಸ್ತು.”

ಬೀಗರು ಕೆಮ್ಮಿದರು. ಕೆಮ್ಮಲ್ಲ ಅದು, ನಗು.

“ಹುಟ್ಟಿದಾಗಿಂದ ನಾ ಯಾರ ಮಾತಿಗೂ ಇಳದಂವಲ್ಲ. ಇವತ್ತ ಒಮ್ಮೆ ಇಳದ್ರ ಅಲ್ಲೂ ನೀವ ಬಂದು ಕುಂತೀರಿ. ನಾಳೆ ಬಂದು ಹುಡುಗಿನ್ನ ಕರ್ಕೊಂಡು ಹೋಗ್ರಿ. ಬಸ್ಸಿನಾಗ ಬರ್ರಿ, ವಿಮಾನದಾಗ ಬ್ಯಾಡ.”

ಬೀಗರ ಮನಸ್ಸು ತಿರುಗೀತು ಅಂತ ಕಾಕಾ ಬಸ್ಸಿಗೂ ಕಾಯಲಿಲ್ಲ. ಬೆಳಕು ಹರಿಯುತ್ತಲೇ ನನ್ನ ಗುಜರಿ ಗಾಡಿಯಲ್ಲೇ ಹೋದೆವು. ಬರುವಾಗ ಮಗಳು ಮುಂದೆ ಕೂತಳು, ಕಾಕಾ ಹಿಂದೆ ಹಳೇ ಕೂಲರುಗಳ ನಡುವೆ. ರಾಜೇಶ್ವರ ಊರು ದಾಟುವ ತನಕ ಹಿಂದಿನಿಂದಲೇ ಅವಳ ಜೊತೆ ಕೂಗಿ ಮಾತಾಡುತ್ತಿದ್ದ. ನನಗೆ ಒಂದು ಅಕ್ಷರ ಕೇಳಿಸಲಿಲ್ಲ, ಅವಳಿಗೂ ಕೇಳಿಸಲಿಲ್ಲ. ಆದರೂ ಹೂಂ ಹೂಂ ಅನ್ನುತ್ತಿದ್ದಳು.

ಆಮೇಲೆ ಬೀಗರಿಬ್ಬರೂ ಕೂಡಿ ಹಾರಿಸುವುದೇ ರೂಢಿಯಾಯಿತು. ಈಗ ಬೀಗರಿಗೂ ಮರ್ಯಾದೆಯ ಹುಚ್ಚು. ಹೆಣ್ಣು ಕೊಟ್ಟವರು ನೀವು, ನೀವೇ ಮೇಲಿರಿ ಅಂತ ಅವರು ಇಳಿಯುತ್ತಿದ್ದರು. ಛೇ ಛೇ ಅಂತ ಇವನು ಅವರಿಗಿಂತ ಕೆಳಗಿಳಿಯುತ್ತಿದ್ದ. ಡಬ್ಬಿ ಒದರಿ ಒದರಿ ಸುಸ್ತಾಗುತ್ತಿತ್ತು. ಹೀಗೆ ಇಳಿದು ಇಳಿದು ಎರಡು ದೊಡ್ಡ ವಿಮಾನಗಳು ಕೊಡಂಬಲದ ಕಡೆ ಹೊಲಗಳಲ್ಲಿ ಬಿದ್ದದ್ದು ಎಷ್ಟು ಸಲವೋ... ಅಳಿಯ ಕೈ ಮುಗಿದುಬಿಟ್ಟ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡ. ಎದೆ ಹಿಡಿದಂಗಾಗ್ಯದ ಅಂದ. ಬೀದರಿಗೆ ಒಯ್ಯುವಷ್ಟರಲ್ಲಿ... ಮಣ್ಣಿಗೆ ಬೀಗರು ಬಂದಿದ್ದರು.

ಈಗ ಗುಜರಿಗೆ ಅಂತ ಬಸವಕಲ್ಯಾಣಕ್ಕೆ ಹೋದರೆ ಬೀಗರು ನನ್ನನ್ನು ಕರೆದು ಎರಡನೇ ಕಂಪ್ಯೂಟರ್ ಮುಂದೆ ಕೂಡಿಸುತ್ತಾರೆ. ನಿನ್ನೆಯೂ ಕೂಡಿಸಿದರು. ನನಗೇನು, ನಾನು ಅವರಿಗೆ ಹೆಣ್ಣು ಕೊಟ್ಟವನಲ್ಲ. ಡಬ್ಬಿ ಏರು ಅಂತು, ಏರಿದೆ. ಅವರಿಗೆ ಇಳಿ ಅಂತು, ಇಳಿದರು. ಕೆಂಪು ಚೌಕ ನನ್ನ ಕೆಳಗಿಂದ ಹಾದು ಹಿಂದೆ ಬಿದ್ದು ಮತ್ತೆ ಬಿಳಿಯಾಯಿತು. ‘ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್’ ಅಂದ ಇಂಗ್ಲಿಷಿನವ. ಗಂಡಾಂತರ ಮುಗಿಯಿತು ಅಂತ ಅರ್ಥವಂತೆ. ಆ ಇಬ್ಬರು ಹಾರಿಸುವಾಗ ಈ ಮಾತು ನಾನು ಒಮ್ಮೆಯೂ ಕೇಳಿರಲಿಲ್ಲ.

ಬೀಗರು ಹಿಡಿಕೆಯಿಂದ ಕೈ ತೆಗೆದು ಹಿಂದಕ್ಕೆ ಒರಗಿದರು.

“ಮಜಾ ಇಲ್ಲೋ ತಮ್ಮಾ. ನೀ ಡಬ್ಬಿ ಹೇಳಿದಂಗ ಕೇಳ್ತಿ.”

ಎರಡೂ ವಿಮಾನ ತಮ್ಮತಮ್ಮ ದಾರಿ ಹಿಡಿದು ಹೋಗುತ್ತಿದ್ದವು. ಅವರ ಕಡೆಗೆ ನೋಡದೆ ಪರದೆಯನ್ನೇ ನೋಡುತ್ತ ಕೂತೆ.