ಟಕ್ಟೊಯಾಕ್ಟಕ್‌ಗೆ ಮುಳುಗಿದ ಹೊಳೆಯ ದಾರಿ

ಎಂಬತ್ತರ ದಶಕದ ಒಂದು ಜುಲೈನಲ್ಲಿ ಹೊನ್ನಾಳಿಯಿಂದ ಹೊರಟೆ. ದಾವಣಗೆರೆಯ ರೈಲ್ವೆ ಸ್ಟೇಷನ್ನಿನಲ್ಲಿ ಜಗಳೂರಿನ ರುದ್ರಣ್ಣ ಕಾಯುತ್ತಿದ್ದರು. ಇಬ್ಬರೂ ಭೂವಿಜ್ಞಾನ ಓದಿದವರು. ಅವರು ನನಗಿಂತ ಸಾಕಷ್ಟು ಹಿರಿಯರು. ಕೆನಡಾದ ಉತ್ತರದ ಸಮುದ್ರದಲ್ಲಿ ತಿರುಗಲಿದ್ದ ಸಮೀಕ್ಷೆ ಹಡಗೊಂದಕ್ಕೆ ತರಬೇತಿಗೆಂದು ನಮ್ಮನ್ನು ಕರೆದಿದ್ದರು. ಬೊಂಬಾಯಿಯಿಂದ ವಿಮಾನ ಹತ್ತಿ, ಮುಂದೆ ಹಲವು ವಿಮಾನ ಬದಲಿಸಿ, ಟಕ್ಟೊಯಾಕ್ಟಕ್ ಎಂಬ ಕಡಲಂಚಿನ ಸಣ್ಣ ಊರಿನಲ್ಲಿ ಹಡಗು ಸೇರಿದೆವು.

ಅಲ್ಲಿಯ ಸಮುದ್ರ ಹೆಚ್ಚು ಆಳವಿಲ್ಲ. ಹಿಮಯುಗದಲ್ಲಿ ನೀರು ನೆಲದ ಮೇಲೆ ಮಂಜುಗಡ್ಡೆಯಾಗಿ ಕೂತಿದ್ದಾಗ ಆ ತಳ ಒಣ ಬಯಲಾಗಿತ್ತು. ಹೊಳೆಗಳು ಅದನ್ನು ಕೊರೆದು ಕಣಿವೆ ಮಾಡಿದ್ದವು. ಮಂಜು ಕರಗಿ ಸಮುದ್ರ ಏರಿದ ಮೇಲೆ ಕಣಿವೆಗಳು ಮುಳುಗಿದವು. ಸೂಳೆಕೆರೆಯ ನೀರಿನಡಿ ಹಳೆಯ ಹಳ್ಳದ ಪಾತ್ರ ಇದ್ದಂತೆ ಎಂದರೆ ನಮ್ಮ ಕಡೆಯವರಿಗೆ ಅರ್ಥವಾದೀತು. ಹಡಗಿನಲ್ಲೊಂದು ಯಂತ್ರ ತಳಕ್ಕೆ ಸದ್ದು ಬಿಟ್ಟು, ಅದು ಮರಳುವುದನ್ನು ಹಿಡಿದು, ಕಾಗದದ ಮೇಲೆ ಆಳದ ಗೆರೆ ಎಳೆಯುತ್ತಿತ್ತು. ಗೆರೆ ಇಳಿದರೆ ಕಣಿವೆ. ಸರದಿಯ ಮೇಲೆ ನೋಡಿ ನಕ್ಷೆಗೆ ಏರಿಸುವುದು ನಮ್ಮ ಕೆಲಸ. ಊಟಕ್ಕೆ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ರುದ್ರಣ್ಣ ತಂದಿದ್ದ ಶೇಂಗಾ ಚಟ್ನಿಪುಡಿ ಮೊದಲ ವಾರದಲ್ಲೇ ಮುಗಿಯಿತು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ದಟ್ಟ ಕಾವಳ ಕವಿದು ಎದುರಿನದೇನೂ ಕಾಣದಾಯಿತು. ಅದೇ ಹೊತ್ತಿಗೆ ರುದ್ರಣ್ಣ ಹೊಟ್ಟೆ ಹಿಡಿದುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಜ್ವರವೂ ಏರಿತು. ಅಪೆಂಡಿಕ್ಸ್ ಇರಬೇಕು, ತಡಮಾಡುವಂತಿಲ್ಲ ಎಂದಳು ಹಡಗಿನ ನರ್ಸ್. ಕಾವಳದಲ್ಲಿ ಹೆಲಿಕಾಪ್ಟರ್ ಬರುವಂತಿರಲಿಲ್ಲ. ನೇರ ದಾರಿಯಲ್ಲಿ ನೀರಿನಡಿ ಅಲ್ಲಲ್ಲಿ ತಳದಿಂದ ಎದ್ದ, ಒಳಗೆ ಮಂಜುಗಡ್ಡೆ ತುಂಬಿದ ಮಣ್ಣಿನ ಗುಡ್ಡಗಳು. ತಗುಲಿದರೆ ಹಡಗಿನ ತಳ ಸೀಳುವ ಭಯ. ದಡದ ಕಡೆ ಹೋಗುವ ಮುಳುಗಿದ ಕಣಿವೆಯೊಂದನ್ನು ನಾವು ಅರ್ಧ ಗುರುತಿಸಿದ್ದೆವು. ಅಲ್ಲಿ ಆಳ ಹೆಚ್ಚು, ಅದರೊಳಗೇ ಹೋಗೋಣ ಎಂದರು ಕ್ಯಾಪ್ಟನ್. ಗೆರೆ ನೋಡಿ ಆಳ ಕೂಗುವ ಕೆಲಸ ನನ್ನ ಪಾಲಿಗೆ ಬಂತು.

ರುದ್ರಣ್ಣ ಪಕ್ಕದ ಕೋಣೆಯಲ್ಲಿ ನರಳುವುದು ಕೇಳಿಸುತ್ತಿತ್ತು. ಹೋಗಿ ಕೈ ಹಿಡಿದುಕೊಳ್ಳಬೇಕು ಅನ್ನಿಸುತ್ತಿತ್ತು, ಆದರೆ ಕಣ್ಣು ತೆಗೆಯುವಂತಿರಲಿಲ್ಲ. ಒಂದು ಕಡೆ ಗೆರೆ ಇದ್ದಕ್ಕಿದ್ದಂತೆ ಮೇಲೇರಿತು. ಕೂಗಿದೆ. ಹಡಗು ನಿಂತು, ಹಿಂದೆ ಸರಿದು, ಮೆಲ್ಲಗೆ ಬಲಕ್ಕೆ ತಡಕಾಡಿತು. ಕಣಿವೆ ಅಲ್ಲಿ ಬಾಗಿತ್ತು. ಗೆರೆ ಮತ್ತೆ ಇಳಿದಾಗ ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಎಲ್ಲದೀವಪ್ಪ?" ಒಳಗಿನಿಂದ ರುದ್ರಣ್ಣ ಕೇಳಿದರು.

"ಹೊಳ್ಯಾಗೇ ಅದೀವಿ ಅಣ್ಣ."

"ನಮ್ ಜಗಳೂರಾಗೆ ಹೊಳೆ ಇಲ್ಲ. ಇಲ್ಲಿಗೆ ಬಂದು ಸಿಕ್ತು ನೋಡು," ಎಂದರು. ಆಮೇಲೆ ಮಾತಾಡಲಿಲ್ಲ. ಅದು ನರಳುವುದಕ್ಕಿಂತ ಹೆಚ್ಚು ಹೆದರಿಸಿತು.

ಸಂಜೆಗೆ ಟಕ್ಟೊಯಾಕ್ಟಕ್‌ನ ದಡ ಮುಟ್ಟಿದೆವು. ಅಲ್ಲಿ ಕಾವಳ ತೆಳುವಾಗಿತ್ತು. ಸಣ್ಣ ವಿಮಾನವೊಂದು ಅವರನ್ನು ಆಸ್ಪತ್ರೆಯಿದ್ದ ಊರಿಗೆ ಒಯ್ದಿತು. ಆಪರೇಷನ್ ಆಯಿತು. ನಾನು ನೋಡಲು ಹೋದಾಗ ಎದ್ದು ಕೂತು, ಇಲ್ಲಿ ಅನ್ನ ಸಾರು ಸಿಗುತ್ತದೆಯೇ ಎಂದು ವಿಚಾರಿಸಿದರು.

ಮರಳಿ ಬಂದಾಗ ಜಗಳೂರಿನವರೆಗೆ ಜೊತೆಗೆ ಹೋದೆ. ಊಟಕ್ಕೆ ಕೂತಾಗ ರುದ್ರಣ್ಣ ನಡೆದದ್ದನ್ನೆಲ್ಲ ತಮಾಷೆ ಮಾಡಿ ಹೇಳಿದರು. ಅವರ ಹೆಂಡತಿ ಗಿರಿಜಕ್ಕ ಏನೂ ಕೇಳದೆ ಬಡಿಸಿದರು. ರುದ್ರಣ್ಣ ಮಲಗಿದ ಮೇಲೆ ಗಿರಿಜಕ್ಕ ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ಬಂದರು.

"ಅವರು ಬಾಳ ಒದ್ದಾಡಿದ್ರೇನ್ರಿ? ನಿಜ ಹೇಳ್ರಿ."

"ಹೂಂನ್ರಿ ಅಕ್ಕ. ಪಕ್ಕದಾಗೆ ಕೂರಾಕೂ ಆಗ್ಲಿಲ್ಲ ನಂಗೆ. ಹೊಳೆ ನೋಡ್ಬೇಕಿತ್ತು."



"ಹೊಳೆ ನೋಡಿದ್ದೇ ಒಳ್ಳೇದಾತು ಬಿಡ್ರಿ," ಎಂದರು.

ಬಸ್ಸು ಹೊರಟಿತು. ತಿರುಗಿ ನೋಡಿದೆ. ಅಷ್ಟು ಹೊತ್ತು ತಡೆದಿದ್ದ ಗಿರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.