ಆ ಸೈಟು ಬೇಡ ಎಂದವರು

ಕಿರಂಗೂರಿನ ಹೊಸ ಬಡಾವಣೆಯಲ್ಲಿ ಕೆಳಗಿನ ಸಾಲಿನ ಸೈಟೊಂದನ್ನು ನೋಡಿ ಮುಂಗಡ ಕೊಡಲು ಹೊರಟಿದ್ದೆ. ಪಕ್ಕದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹಿರಿಯ ಹೆಂಗಸೊಬ್ಬರು ಕೈಸನ್ನೆ ಮಾಡಿ ಕರೆದರು.

"ಆ ಸೈಟು ಬ್ಯಾಡ ಕಣವ್ವ. ನಾಲೆಗೆ ನೀರು ಬುಟ್ರೆ ಅಲ್ಲಿ ಮೊಣಕಾಲುದ್ದ ನಿಂತ್ಕತದೆ. ಮೇಲ್ಗಡೇದು ತಕ್ಕೊ."

"ನಿಮಗೆ ಹೇಗೆ ಗೊತ್ತಮ್ಮ?"

"ನಾವು ಮಾರಿದ್ ಗದ್ದೆನೇ ಇದು. ಮೂವತ್ತು ವರ್ಸ ನಾಟಿ ಆಕಿವ್ನಿ."

ಮೇಲಿನ ಸೈಟನ್ನೇ ಕೊಂಡೆವು. ಮುಂದಿನ ಮಳೆಗಾಲದಲ್ಲಿ ನಾಲೆಗೆ ನೀರು ಬಿಟ್ಟಾಗ ಕೆಳಗಿನದರಲ್ಲಿ ನಿಜಕ್ಕೂ ನೀರು ನಿಂತಿತು. ಗೃಹಪ್ರವೇಶದ ದಿನ ನಾನೇ ಹೋಗಿ ಅವರನ್ನು ಕರೆತಂದೆ. ನಡುಮನೆಗೆ ಬಂದವರು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. "ನಾವು ಬತ್ತ ಬಡೀತಿದ್ದ ಕಣ ಇದೇಯ. ತಣ್ಣಗೆ ಬಾಳಿ" ಎಂದರು.

ಕ್ರಯಪತ್ರದಲ್ಲಿ ಆ ಜಾಗಕ್ಕೆ ಬರೀ ಒಂದು ಸಂಖ್ಯೆಯಿದೆ. ನಮ್ಮ ಮಕ್ಕಳು ಮಾತ್ರ ನಡುಮನೆಯನ್ನು ಈಗ ಕಣ ಎಂದೇ ಕರೆಯುತ್ತಾರೆ.