ವಿಡಿಯೋದಲ್ಲಿ ತೋರಿಸಿದಂತೆ ಸುತ್ತಿ

‘ನಂತರ ಹಿಟ್ಟನ್ನು ವಿಡಿಯೋದಲ್ಲಿ ತೋರಿಸಿದಂತೆ ಸುತ್ತಿ.’

ಹೋದ ವಾರ ಈ ಒಂದು ವಾಕ್ಯ ನನ್ನನ್ನು ಎಷ್ಟು ಸುಸ್ತು ಮಾಡಿತು ಗೊತ್ತಾ? ಸುತ್ತೋಣ, ಸಂತೋಷವಾಗಿ ಸುತ್ತೋಣ. ಆದರೆ ವಿಡಿಯೋ ಎಲ್ಲಿ? ಆ ವಾಕ್ಯದ ಮೇಲೆ ಇದ್ದದ್ದು ಒಂದು ಬೂದು ಚೌಕ. ಅದರೊಳಗೆ ‘ಪ್ಲಗಿನ್ ನಾಟ್ ಸಪೋರ್ಟೆಡ್’ ಅಂತ. (ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಅಷ್ಟು ಕಷ್ಟಪಟ್ಟು ಕಲಿಸಿದ ಇಂಗ್ಲಿಷ್ ಇಲ್ಲಿ ಏನೂ ಕೆಲಸಕ್ಕೆ ಬರಲಿಲ್ಲ.)

ವಿಷಯ ಇಷ್ಟು. ಮೊಮ್ಮಗಳು ಅನನ್ಯಾಳ ಮದುವೆ ಹತ್ತಿರ ಬಂದಿದೆ. ನಮ್ಮಲ್ಲಿ ಬೀಗರಿಗೆ ಕೊಡುವ ತಟ್ಟೆಯಲ್ಲಿ ಕೈಮುರುಕು ಇರಲೇಬೇಕು. ಚಕ್ಕುಲಿ ಒರಳಲ್ಲಿ ಒತ್ತಿದ್ದಲ್ಲ. ಹಿಟ್ಟನ್ನು ಬೆರಳಲ್ಲೇ ತಿರುಚುತ್ತಾ ಬಟ್ಟೆಯ ಮೇಲೆ ಸುತ್ತುಸುತ್ತಾಗಿ ಇಳಿಸಿದ್ದು. ಪ್ರತಿ ಮದುವೆಗೂ ಅದನ್ನು ಮಾಡುತ್ತಿದ್ದವರು ನಮ್ಮ ಅತ್ತಿಗೆ, ಅಣ್ಣನ ಹೆಂಡತಿ. ಒಮ್ಮೆ ಯಾವುದೋ ಅಡುಗೆ ವೆಬ್‌ಸೈಟಿನವರು ಮನೆಗೇ ಬಂದು ಅವರ ವಿಡಿಯೋ ಮಾಡಿಕೊಂಡು ಹೋದರು. ನಮಗೆಲ್ಲ ಏನು ಪ್ರೈಡ್! ಅತ್ತಿಗೆ ಇಂಟರ್‌ನೆಟ್ಟಿನಲ್ಲಿ!

ಆಮೇಲೆ ಅವರು ‘ಬನ್ರೇ, ಪಕ್ಕದಲ್ಲಿ ಕೂತು ಕಲ್ತ್ಕೊಳ್ಳಿ’ ಎಂದಾಗಲೆಲ್ಲ ಮನೆಯ ಹೆಂಗಸರದು ಒಂದೇ ಉತ್ತರ: ‘ವಿಡಿಯೋ ಇದೆಯಲ್ಲ!’

ಈಗ ಅತ್ತಿಗೆಯ ಕೈ ನಡುಗುತ್ತದೆ. ಕಾಫಿ ಲೋಟವನ್ನೂ ಬೇರೆಯವರೇ ಹಿಡಿಯಬೇಕು. ಕೇಳಿದರೆ ನೊಂದುಕೊಳ್ಳುತ್ತಾರೆ, ಪಾಪ, ಬೇಡ ಎಂದುಕೊಂಡೆವು. ಹೇಗೂ ವಿಡಿಯೋ ಇದೆಯಲ್ಲ.

‘ಅಜ್ಜಿ, ಇದು ಫ್ಲಾಶ್ ಕಾಲದ್ದು,’ ಎಂದಳು ಅನನ್ಯಾ.

‘ಹಾಗಂದ್ರೆ?’

‘ಆಗ ಬ್ರೌಸರ್‌ಗೆ ತಾನಾಗೇ ವಿಡಿಯೋ ಓಡ್ಸೋಕೆ ಬರ್ತಿರ್ಲಿಲ್ಲ. ಫ್ಲಾಶ್ ಅಂತ ಇನ್ನೊಂದು ಸಾಫ್ಟ್‌ವೇರ್ ಹಾಕ್ಕೋಬೇಕಿತ್ತು. ಆಮೇಲೆ ಎಚ್‌ಟಿಎಂಎಲ್ ಫೈವ್ ಬಂತು, ಬ್ರೌಸರೇ ಓಡ್ಸೋಕೆ ಶುರು ಮಾಡ್ತು. ಸ್ವಲ್ಪ ವರ್ಷ ಎರಡಕ್ಕೂ ಫೈಟು. ಫ್ಲಾಶ್ ಸೋತ್ಹೋಯ್ತು. ಎಲ್ರೂ ತೆಗೆದು ಬಿಸಾಕಿದ್ರು.’

‘ಮತ್ತೆ ಅತ್ತಿಗೆ?’

‘ಸೈಟಿನೋರು ಹೊಸದಕ್ಕೆ ಕನ್ವರ್ಟ್ ಮಾಡ್ಬೇಕಿತ್ತು. ಮಾಡಿಲ್ಲ. ಹಳೇದನ್ನ ಓಡ್ಸೋ ಟ್ರಿಕ್ ಒಂದಿದೆ, ಅದನ್ನೂ ನೋಡ್ದೆ. ಫೈಲೇ ಇಲ್ಲ ಅಜ್ಜಿ.’

ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಎನ್ನುತ್ತಾರಲ್ಲ, ಇಲ್ಲಿ ನೋಡಿ, ಮೂರನೆಯವರಿಗೇ ನಷ್ಟ. ಹೊಸದು ಬೇಡ ಎನ್ನಲು ನಾನು ಯಾರು? ಅದೇ ಸೇಫ್ ಅಂತೆ, ಅದೇ ಫಾಸ್ಟ್ ಅಂತೆ. ಇರಲಿ. ಆದರೆ ಮನೆ ಬದಲಾಯಿಸುವಾಗ ಸಾಮಾನು ಸಾಗಿಸಬೇಡವೇ? ಹೀಗೆ ಎಷ್ಟು ಸಲ ಶಿಫ್ಟ್ ಆಗುವುದು? ನನಗಂತೂ ಸಾಕಾಗಿದೆ.

ಸೈಟಿಗೆ ಇಮೇಲ್ ಬರೆದೆವು. ಬೌನ್ಸ್ ಆಯಿತು. ಫೋರ್ತ್ ಬ್ಲಾಕಿನ ಅಂಗಡಿಯಿಂದ ಮುರುಕು ತಂದೆವು. ಎಲ್ಲವೂ ಒಂದೇ ಅಚ್ಚು, ಶಾಲೆ ಅಸೆಂಬ್ಲಿಯ ಥರ. ಅನನ್ಯಾ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಇಷ್ಟು ದಿನ ಮಂಟಪ, ಮೇಕಪ್ಪು ಎಂದು ಕುಣಿಯುತ್ತಿದ್ದ ಹುಡುಗಿಯ ಮುಖ ಅಷ್ಟು ಸಣ್ಣದಾದದ್ದು ನಾನು ನೋಡಿರಲಿಲ್ಲ.

ಆಮೇಲೆ ಕೇಳಿದಳು, ‘ಅಜ್ಜಿ, ಕತ್ರಿಗುಪ್ಪೆ ಅಜ್ಜಿನೇ ಕೇಳಿದ್ರೆ ಆಗಲ್ವಾ?’

ಅತ್ತಿಗೆ ಇರುವುದು ಕತ್ರಿಗುಪ್ಪೆಯಲ್ಲಿ. ನಮ್ಮ ಜಯನಗರದಿಂದ ಒಂದು ಆಟೋ, ಅಷ್ಟೇ. ಹೋದೆವು.

‘ವಾರವೆಲ್ಲ ಕಂಪ್ಯೂಟರಲ್ಲಿ ಹುಡುಕಿದ್ರಾ ನನ್ನ?’ ಅತ್ತಿಗೆ ನನ್ನನ್ನು ನೋಡಿ ನಕ್ಕರು. ‘ಇಲ್ಲೇ ಕೂತಿದ್ನಲ್ಲೇ, ಇಂದೂ!’

ನೊಂದುಕೊಳ್ಳುವುದಿರಲಿ, ಆಗಲೇ ಹಿಟ್ಟು ಕಲಸಿಸಿದರು. ಒಂದು ಸಲ ತಾವೇ ಸುತ್ತಲು ನೋಡಿದರು. ಆಗಲಿಲ್ಲ. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಬಾಯಿಗೆ ಮಾತ್ರ ಯಾವ ನಡುಕವೂ ಇಲ್ಲ.

‘ಹೆಬ್ಬೆರಳಲ್ಲಿ ತಳ್ಳೇ, ಎಳೀಬೇಡ! ಅಯ್ಯೋ, ಅದೇನು ಮುರುಕಾ, ಎರೆಹುಳಾ? ಇನ್ನೊಂದು ಹಾಕು.’

ಎರೆಹುಳುಗಳು ಬಹಳ ಆದವು. ಕೊನೆಗೆ ಅನನ್ಯಾಳ ಬೆರಳಿನಿಂದ ಒಂದು ಸುತ್ತು ಒಡೆಯದೆ ಇಳಿಯಿತು, ಅದರ ಪಕ್ಕ ಇನ್ನೊಂದು. ಸೊಟ್ಟಗಿತ್ತು, ಆದರೆ ಹುರಿ ಎದ್ದಿತ್ತು. ಅತ್ತಿಗೆ ಬಗ್ಗಿ ನೋಡಿದರು. ‘ಹೂಂ. ಬೀಗರು ಬೈಯಲ್ಲ, ಬಿಡು.’

ನಾನು ಗಬಕ್ಕನೆ ಫೋನ್ ತೆಗೆದು ವಿಡಿಯೋ ಆನ್ ಮಾಡಿದೆ. ಮತ್ತೆ ಕಳೆದುಹೋಗಬಾರದಲ್ಲ!

ಅತ್ತಿಗೆ ನನ್ನ ಕಡೆ ತಿರುಗಿದರು.

‘ಅದನ್ನ ಆ ಕಡೆ ಇಟ್ಟು ಕೈ ತೊಳ್ಕೊಂಡು ಬಾ. ನೀನ್ಯಾವಾಗ ಕಲಿಯೋದು?’